ಐದು ನಿಮಿಷದ ಬಾಗಿಲು

"ನಾನು ಆರಾಮಾಗಿದೀನಿ," ಎಂದರು ಮೇಷ್ಟ್ರು, ರೇಡಿಯೋದಲ್ಲಿ.

ರಿಪೇರಿ ಅಕ್ಕನಿಗೆ ಅದು ಸರಿಬರಲಿಲ್ಲ. ಮಾತೇನೋ ಸ್ಪಷ್ಟವಾಗಿಯೇ ಇತ್ತು. ಆದರೆ ಅದರ ಹಿಂದೆ ಇರಬೇಕಾದ, ಸೂಟಿಗೆ ಗಾಳಿ ಊದುವ ಫ್ಯಾನಿನ ಗುಂಯ್ ಸದ್ದು ಇರಲಿಲ್ಲ. ಕ್ಯಾಪ್ಟನ್ ಮೇಡಂ ಮಾತಾಡಿದಾಗ ಅವರ ಬೆನ್ನಿನ ಪೆಟ್ಟಿಗೆಯಿಂದ ಆ ಸದ್ದು ಸಣ್ಣಗೆ ಕೇಳುತ್ತಿತ್ತು. ಇಪ್ಪತ್ತಾರು ವರ್ಷ ಮಿಕ್ಸಿ, ಪಂಪು, ಹೊಲಿಗೆ ಯಂತ್ರಗಳ ಮೋಟರು ಬಿಚ್ಚಿ ಜೋಡಿಸಿದ ಕಿವಿ ಅಕ್ಕನದು. ಓಡುವ ಮೋಟರಿಗಿಂತ ನಿಂತ ಮೋಟರು ಅವಳಿಗೆ ಬೇಗ ಕೇಳಿಸುತ್ತದೆ.

ಅವಳು ಒಳಬಾಗಿಲಿನ ದುಂಡು ಗಾಜಿಗೆ ಮೂಗು ಹಚ್ಚಿ ನೋಡಿದಳು. ಆಚೆ, ಎರಡು ಬಾಗಿಲುಗಳ ನಡುವಿನ ಇಕ್ಕಟ್ಟು ಕೋಣೆಯಲ್ಲಿ, ಇಬ್ಬರೂ ಬಿಳಿ ಸೂಟು ತೊಟ್ಟು ನಿಂತಿದ್ದರು. ಹೊರಬಾಗಿಲು ಆಗಷ್ಟೇ ಮುಚ್ಚಿತ್ತು. ಗೋಡೆಯ ಮೇಲಿನ ಗಡಿಯಾರ ನಾಲ್ಕು ನಿಮಿಷ ಹತ್ತು ಸೆಕೆಂಡು ಬಾಕಿ ತೋರಿಸುತ್ತಿತ್ತು.

ಆ ಗಡಿಯಾರದ ಕತೆ ಹೇಳಲೇಬೇಕು. ಮರಳುಗಾಡಿನ ನಟ್ಟನಡುವೆ ಪ್ಲೈವುಡ್ಡಿನಲ್ಲಿ ಕಟ್ಟಿದ ಈ ಗುಂಡು ಮನೆಯಲ್ಲಿ ಮೂವರೂ ಹದಿನಾಲ್ಕು ದಿನ ಮಂಗಳ ಗ್ರಹದಲ್ಲಿದ್ದಂತೆ ಬಾಳಬೇಕು. ಸೂಟಿಲ್ಲದೆ ಹೊರಗೆ ಕಾಲಿಡುವಂತಿಲ್ಲ. ಹೊರಗಿಂದ ಬಂದವರು ನಡುವಿನ ಕೋಣೆಯಲ್ಲಿ ಐದು ನಿಮಿಷ ನಿಂತು, ಗಾಳಿ ತುಂಬಿದ ಮೇಲೆಯೇ ಒಳಗೆ ಬರಬೇಕು. ತುಂಬುವ ಗಾಳಿ ಎಲ್ಲಿಯದು? ಆ ಕಡೆಯೂ ಅದೇ ಗಾಳಿ, ಈ ಕಡೆಯೂ ಅದೇ ಗಾಳಿ. ಆದರೂ ನಿಯಮ ನಿಯಮವೇ. ಗಡಿಯಾರ ಸೊನ್ನೆ ಮುಟ್ಟುವ ಮೊದಲು ಒಳಬಾಗಿಲು ತೆರೆದರೆ ಎಲ್ಲರೂ ಸತ್ತರು ಎಂದು ಲೆಕ್ಕ. ಅವತ್ತೇ ಗಂಟುಮೂಟೆ ಕಟ್ಟಬೇಕು. ಹಾಗೆ ಸತ್ತವರನ್ನು ಈ ಪರೀಕ್ಷೆ ನಡೆಸುವ ಕಚೇರಿಯವರು ಮತ್ತೆಂದೂ ಕರೆಯುವುದಿಲ್ಲ.

ಅಕ್ಕನಿಗೆ ಅದರಿಂದ ಅಂಥ ನಷ್ಟವೇನಿಲ್ಲ, ಅಂಗಡಿಗೆ ಹೋಗಿ ಬಾಗಿಲು ತೆಗೆದು ಕೂರುತ್ತಾಳೆ. ಹಡಗು ನಡೆಸಿ ನಿವೃತ್ತರಾದ ಕ್ಯಾಪ್ಟನ್‌ಗೂ ಇದು ಇನ್ನೊಂದು ಪ್ರಯಾಣ. ಮೇಷ್ಟ್ರ ಮಾತು ಬೇರೆ. ಕಾಲೇಜಿನಲ್ಲಿ ಕಲ್ಲು ಮಣ್ಣಿನ ಪಾಠ ಹೇಳುವ ಮನುಷ್ಯ ಇದಕ್ಕಾಗಿ ಹನ್ನೊಂದು ವರ್ಷ ಅರ್ಜಿ ಹಾಕಿದ್ದರು. ಎಂಟು ಸಲ ತಿರಸ್ಕಾರದ ಪತ್ರ ಬಂದಿತ್ತು. ಎಂಟನ್ನೂ ಹೆಂಡತಿ ಫೈಲು ಮಾಡಿಟ್ಟಿದ್ದಳಂತೆ. ಒಂಬತ್ತನೆಯ ಪತ್ರ ಬಂದ ದಿನ ಮಗಳು ಓಡಿಹೋಗಿ ಬೀದಿಗೆಲ್ಲ ಹೇಳಿಬಂದಿದ್ದಳು. ಇದನ್ನೆಲ್ಲ ಅವರು ಬರುವ ದಾರಿಯಲ್ಲೇ ಎರಡೆರಡು ಸಲ ಹೇಳಿ ಮುಗಿಸಿದ್ದರು.

"ಮೇಡಂ, ಮೇಷ್ಟ್ರ ಫ್ಯಾನ್ ನಿಂತಿದೆ," ಎಂದಳು ಅಕ್ಕ.

ಕ್ಯಾಪ್ಟನ್ ತಿರುಗಿ ನೋಡಿದರು. ಮೇಷ್ಟ್ರು ಹೆಬ್ಬೆರಳು ಎತ್ತಿ ತೋರಿಸಿದರು. ಅವರ ಹೆಲ್ಮೆಟ್ಟಿನ ಗಾಜು ಒಳಗಿಂದ ಪೂರ್ತಿ ಮಬ್ಬಾಗಿತ್ತು. ಮುಖ ಕಾಣುತ್ತಿರಲಿಲ್ಲ.

"ಅವರೇ ಸರಿ ಇದೀನಿ ಅಂತಿದಾರಲ್ಲಮ್ಮ. ಇನ್ನು ಮೂರೂವರೆ ನಿಮಿಷ ತಾನೆ?"

"ಸದ್ದಿಲ್ಲ ಮೇಡಂ. ಗಾಳಿ ಹೋಗ್ತಿಲ್ಲ ಒಳಗೆ."

ಅಷ್ಟರಲ್ಲಿ ಮೇಷ್ಟ್ರು ಗೋಡೆಗೆ ಕೈಯೂರಿ ಪಕ್ಕಕ್ಕೆ ಹೊರಳಿದರು. ಬೆನ್ನಿನ ಪೆಟ್ಟಿಗೆ ಗಾಜಿನ ಎದುರಿಗೆ ಬಂತು. ಪೆಟ್ಟಿಗೆಯ ಎರಡೂ ಬದಿಯ ಜಾಲರಿಯ ಮೇಲೆ ಬೆಳ್ಳಿ ಬಣ್ಣದ ಟೇಪು, ಮೂರು ಮೂರು ಪದರ, ಅಂಚು ಮಡಿಸಿ ನೀಟಾಗಿ ಅಂಟಿಸಿತ್ತು. ಹೆಲ್ಮೆಟ್ಟು ಕೂಡುವ ಕತ್ತಿನ ಸುತ್ತಲೂ ಅದೇ.

ಅವಳ ಟೇಪು ಅದು. ಮಾತೂ ಅವಳದೇ. ಬೆಳಿಗ್ಗೆ ಸೂಟು ತೊಡಿಸುವಾಗ ಮೇಷ್ಟ್ರು ಆ ಜಾಲರಿ ನೋಡಿ ಮುಖ ಸಣ್ಣಗೆ ಮಾಡಿದ್ದರು. "ಇದೇನಕ್ಕಾ, ಹೊರಗಿನ ಗಾಳಿನೇ ಎಳ್ಕೊಳ್ಳುತ್ತಾ? ಮಂಗಳದಲ್ಲಿ ಹೊರಗಡೆ ಉಸಿರಾಡೋ ಗಾಳಿ ಎಲ್ಲಿಂದ ಬರಬೇಕು? ಇದು ಬರೀ ನಾಟಕ ಆಗೋಯ್ತಲ್ಲ."

"ಅಷ್ಟು ಬೇಜಾರಿದ್ರೆ ಟೇಪು ಹಚ್ಚಿ ಮುಚ್ಚಿಬಿಡಿ ಮೇಷ್ಟ್ರೇ, ಅಲ್ಲೇ ಇದೆ ನೋಡಿ," ಎಂದು ಅಕ್ಕ ನಕ್ಕಿದ್ದಳು. ಬಾಯಿ ಸುಮ್ಮನಿರಬೇಕಲ್ಲ! ಮೇಷ್ಟ್ರು ನಕ್ಕಿರಲಿಲ್ಲ. ಅವಳು ಕ್ಯಾಪ್ಟನ್ನರ ಬೂಟು ಬಿಗಿಯುತ್ತಿದ್ದಾಗ, ಕೈಗವಸು ತೊಡುವ ಮೊದಲೇ, ಪೆಟ್ಟಿಗೆಯನ್ನು ಮುಂದಕ್ಕೆಳೆದುಕೊಂಡು ಸದ್ದಿಲ್ಲದೆ ಕೆಲಸ ಮುಗಿಸಿದ್ದರು. ಟೇಪಿನ ಸಂದಿಯಲ್ಲಿ ಸಿಕ್ಕಷ್ಟು ಗಾಳಿ ಎಳೆದುಕೊಂಡು ಆ ಬಡ ಮೋಟರು ಮುಕ್ಕಾಲು ಗಂಟೆ ಏದುಸಿರು ಬಿಟ್ಟು, ಕಾದು, ಸುಟ್ಟುಹೋಗಿತ್ತು.

"ಬೆನ್ನಿಗೆ ಟೇಪ್ ಹಚ್ಕೊಂಡಿದಾರೆ! ಕಿತ್ತುಹಾಕಿ ಮೇಡಂ, ಕತ್ತಿಂದು ಮೊದಲು!"

ಕ್ಯಾಪ್ಟನ್ ಎರಡೂ ಕೈ ಹಾಕಿದರು. ಆ ದಪ್ಪ ಕೈಗವಸಿನಲ್ಲಿ ಬಕೆಟ್ಟಿನ ಹಿಡಿ ಹಿಡಿಯಬಹುದು, ಟೇಪಿನ ತುದಿ ಎಲ್ಲಿ ಸಿಕ್ಕೀತು? ಬೆರಳು ಜಾರುತ್ತಿದ್ದವು. ಕೈಗವಸಿನ ಬೀಗ ತೊಟ್ಟವರೇ ಬಿಚ್ಚಿಕೊಳ್ಳಲು ಬರುವುದಿಲ್ಲ, ಇನ್ನೊಬ್ಬರು ಬೇಕು. ಮೇಷ್ಟ್ರೋ, ಕ್ಯಾಪ್ಟನ್ನರ ಕೈಯನ್ನೇ ತಳ್ಳುತ್ತಿದ್ದರು.

"ಬೇಡ... ಬೇಡ ಮೇಡಂ. ಸ್ವಲ್ಪಾನೇ... ಬಾಕಿ."

ಎರಡು ನಿಮಿಷ ಇಪ್ಪತ್ತು. ಮೇಷ್ಟ್ರು ಗೋಡೆಗುಂಟ ಜಾರಿ ಕೂತರು. ಒಂದು ಕೈಯನ್ನು ಮಾತ್ರ ಅಕ್ಕನ ಗಾಜಿನ ಕಡೆ ಎತ್ತಿ, ತೆಗೆಯಬೇಡಿ, ತೆಗೆಯಬೇಡಿ ಎಂದು ಅಲ್ಲಾಡಿಸುತ್ತಲೇ ಇದ್ದರು.

ಅಕ್ಕನ ಕೈ ಚಿಲಕದ ಮೇಲಿತ್ತು. ಕ್ಯಾಪ್ಟನ್ ಗಾಜಿನಾಚೆಯಿಂದ ಅವಳನ್ನೇ ನೋಡುತ್ತಿದ್ದರು. ಅಷ್ಟು ದೊಡ್ಡ ಹಡಗು ನಡೆಸಿದವರಿಗೂ ಹನ್ನೊಂದು ವರ್ಷವನ್ನು ಮುಳುಗಿಸುವ ಮಾತು ಬಾಯಿಗೆ ಬರಲಿಲ್ಲ. ತಡೆದುಕೊಂಡಾರು, ಎರಡು ನಿಮಿಷ ತಾನೆ, ಎಂದು ಅಕ್ಕನಿಗೂ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಎತ್ತಿದ್ದ ಕೈ ನಿಧಾನವಾಗಿ ಕೆಳಗಿಳಿದು ನೆಲದ ಮೇಲೆ ಅಂಗಾತ ಬಿತ್ತು.

"ನನ್ನ ಬಾಯಿಗಿಷ್ಟು ಮಣ್ಣು ಹಾಕ," ಎಂದು ಅಕ್ಕ ಚಿಲಕ ಎಳೆದಳು.

ಮೇಲೆ ಕೆಂಪು ದೀಪ ಹತ್ತಿ ಗಂಟೆ ಬಡಿಯತೊಡಗಿತು. ಅವಳು ಸೊಂಟದ ಚಾಕು ತೆಗೆದು ಕತ್ತಿನ ಟೇಪು ಸರ್ರನೆ ಸೀಳಿ, ಹೆಲ್ಮೆಟ್ಟನ್ನು ತಿರುವಿ ಕಿತ್ತಳು. ಮೇಷ್ಟ್ರ ಮುಖ ಬೂದಿಯಾಗಿತ್ತು, ತುಟಿ ನೀಲಿ. ಕೆನ್ನೆಗೆ ಎರಡು ಬಿಟ್ಟಳು. "ಎಳ್ಕೊಳ್ರೀ ಉಸಿರು! ಎಳ್ಕೊಳ್ರೀ ಮೇಷ್ಟ್ರೇ!"

ಒಂದು, ಎರಡು, ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಅವರು ದೊಡ್ಡದಾಗಿ, ಗೊರಕೆಯಂಥ ಸದ್ದು ಮಾಡಿ ಉಸಿರೆಳೆದರು. ಕೆಮ್ಮಿದರು. ಮತ್ತೆ ಎಳೆದರು. ಅಕ್ಕ ಅಲ್ಲೇ ಕುಕ್ಕರಿಸಿ ಗಟ್ಟಿಯಾಗಿ ಅತ್ತುಬಿಟ್ಟಳು.

ಮೇಷ್ಟ್ರು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಎಷ್ಟು ಬಾಕಿ ಇತ್ತು?"

"ಒಂದು ನಿಮಿಷ ಐವತ್ತು," ಎಂದಳು ಅಕ್ಕ.

ಅವರು ಗಡಿಯಾರದ ಕಡೆ ನೋಡಿದರು. ಅದು ಯಾರ ಹಂಗೂ ಇಲ್ಲದೆ ಇಳಿಯುತ್ತಲೇ ಇತ್ತು, ಸೊನ್ನೆ ಮುಟ್ಟಿ ಸುಮ್ಮನಾಯಿತು.

ಗಂಟೆ ನಿಲ್ಲಿಸಿ, ಅಕ್ಕನ ಕೈಯಲ್ಲಿ ತಮ್ಮ ಸೂಟು ಬಿಚ್ಚಿಸಿಕೊಂಡ ಕ್ಯಾಪ್ಟನ್ ದಿನಚರಿ ಪುಸ್ತಕ ತಂದು ಹೊಸಿಲಲ್ಲೇ ಕೂತರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ಯಾರು ನೋಡಿದಾರೆ ಮೇಡಂ?" ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ಇಲ್ಲಿ ಕ್ಯಾಮೆರಾ ಇಲ್ಲ, ಗಂಟೆ ಸದ್ದೂ ಕಚೇರಿ ತನಕ ಹೋಗಲ್ಲ. ನೀವು ಬರೆದಿದ್ದೇ ಸತ್ಯ. ಗಡಿಯಾರ ಸೊನ್ನೆ ಆದ್ಮೇಲೇ ತೆಗೆದಿದ್ದು ಅಂತ ಬರೆದುಬಿಡಿ. ನನ್ನ ಮಾತಿಂದ ಆಗಿದ್ದು ಇದು."

ಕ್ಯಾಪ್ಟನ್ ಪೆನ್ನು ಹಿಡಿದು ಮೇಷ್ಟ್ರ ಕಡೆ ನೋಡಿದರು. ಅವರು ಹೂಂ ಅಂದರೆ ಸಾಕಿತ್ತು.

ಮೇಷ್ಟ್ರು ಗೋಡೆಗೊರಗಿ ಎದ್ದು ಕೂತರು. ಆಮೇಲೆ, "ಮೂರೂ ಜನ ಸತ್ತರು ಅಂತ ಬರೀರಿ ಮೇಡಂ," ಎಂದರು. "ಟೇಪ್ ಹಚ್ಚಿದ್ದು ನಾನೇ ಅಂತಾನೂ ಬರೀರಿ."

ಪೆನ್ನಿನ ಸದ್ದು ಕೇಳತೊಡಗಿತು. ಮೇಷ್ಟ್ರು ಬಿದ್ದಾಗ ಅವರ ಹೆಗಲಚೀಲ ಬಾಯಿಬಿಟ್ಟು, ಹೊರಗಿಂದ ಆಯ್ದು ತಂದ ಕೆಂಪು ಕಲ್ಲುಗಳು ನೆಲದ ತುಂಬ ಚೆಲ್ಲಿದ್ದವು. ಅಕ್ಕ ಅವರ ಕೈಗವಸು ಬಿಚ್ಚಿಕೊಟ್ಟಳು. ಅವರು ಒಂದು ಕಲ್ಲನ್ನು ಎತ್ತಿ ಬರಿಯ ಅಂಗೈಯಲ್ಲಿಟ್ಟುಕೊಂಡರು, ಹಾಗೇ ಕೂತರು. ಆಮೇಲೆ ಅದನ್ನು ಅಕ್ಕನ ಕಡೆ ಚಾಚಿದರು.

"ಹಿಡಿದು ನೋಡಿ," ಎಂದರು. "ಬಿಸಿಲಿಗೆ ಕಾದಿದೆ."

ಅಕ್ಕ ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಕಲ್ಲು ಇನ್ನೂ ಬೆಚ್ಚಗಿತ್ತು.