ಸೀರೆಯಲ್ಲಿ ಸುತ್ತಿ ತಂದ ಬಂದೂಕು

ಚುನಾವಣೆ ಅಂದರೆ ಬೇರೆಯವರಿಗೆ ಮೈಕು, ಜೀಪು, ಭಾಷಣ. ನನಗೆ ಮಾತ್ರ ಕೋವಿ. ಟಿ. ನರಸೀಪುರ ತಾಲ್ಲೂಕಿನ ಒಂದು ಪೊಲೀಸ್ ಠಾಣೆಯಲ್ಲಿ ಹದಿನಾಲ್ಕು ವರ್ಷ ರೈಟರ್ ಆಗಿದ್ದೆ. ಹೆಸರು ಮರಿಸ್ವಾಮಿ, ಆದರೆ ಅಲ್ಲಿ ಆ ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಚುನಾವಣೆ ಘೋಷಣೆಯಾಯಿತೋ, ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಆದೇಶ ಬರುತ್ತಿತ್ತು. ನಂಬರು ನೋಡು, ರಿಜಿಸ್ಟರಿಗೆ ಬರೆ, ಚೀಟಿ ಕಟ್ಟು, ರಸೀದಿ ಕೊಡು. ಮತ ಎಣಿಕೆ ಮುಗಿದ ಮೇಲೆ ಎಲ್ಲವನ್ನೂ ಹುಡುಕಿ ವಾಪಸ್ ಕೊಡು. ಬರೆದೂ ಬರೆದೂ ಕೈ ಜೋಮು ಹಿಡಿಯುತ್ತಿತ್ತು.

ತೊಂಬತ್ತಾರರ ಲೋಕಸಭಾ ಚುನಾವಣೆಗೆ ಮುಂಚೆ ಒಂದು ಮಧ್ಯಾಹ್ನ, ಅರವತ್ತು ದಾಟಿದ ಹೆಂಗಸೊಬ್ಬರು ಬಂದು ಹಳೆ ಸೀರೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ನನ್ನ ಮೇಜಿನ ಮೇಲಿಟ್ಟರು. ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು. ಹೆಸರು ಗುರುಬಸಮ್ಮ, ನಂಜನಗೂಡಿನ ಕಡೆಗೆ ಹೋಗುವ ರಸ್ತೆಯಲ್ಲಿ ಕಪಿಲೆಯ ದಂಡೆಯ ಊರು.

"ಇದ ಇಟ್ಕಳಿ ಸಾ. ಎಲೆಕ್ಷನ್ ಬಂತಲ್ಲ."

ಬಿಚ್ಚಿ ನೋಡಿದರೆ ಏರ್‌ಗನ್ನು. ನನಗೆ ನಗುವೂ ಬಂತು, ಸಿಟ್ಟೂ ಬಂತು. "ಇದಕ್ಕೆ ಲೈಸೆನ್ಸೇ ಬೇಡ ಕಣಮ್ಮ. ಠಾಣೆಗೆ ಕೊಡೋ ಹಾಗೂ ಇಲ್ಲ. ಎತ್ಕೊಂಡು ಹೋಗಿ," ಅನ್ನುತ್ತ ಅಭ್ಯಾಸಬಲದಿಂದ ಕೊಳವೆ ಮಡಚಿದೆ. ಒಳಗೆ ಗುಂಡು ಕೂತಿತ್ತು! ತುಂಬಿದ ಬಂದೂಕನ್ನು ಮಗ್ಗುಲಲ್ಲಿ ಅವುಚಿಕೊಂಡು ಆ ತಾಯಿ ಬಸ್ಸಿನಲ್ಲಿ ಬಂದಿದ್ದರು. ಗುಂಡು ತೆಗೆದು ಡ್ರಾಯರಿಗೆ ಹಾಕಿದೆ.

"ಲೈಸೆನ್ಸ್ ಯಾಕ್ ಬ್ಯಾಡ ಸಾ?"

ನನಗೆ ತಿಳಿದಷ್ಟು ಕಾನೂನು ಹೇಳಿದೆ. ಐದಡಿ ದೂರದಿಂದ ಹೊಡೆದರೂ ಒಂದಿಂಚು ದಪ್ಪದ ಮೆದು ಮರದ ಹಲಗೆಯನ್ನು ಇದರ ಗುಂಡು ತೂರಿ ಹೋಗುವುದಿಲ್ಲ. ಹಾಗಾಗಿ ಇದಕ್ಕೆ ವಿನಾಯಿತಿ.

ಗುರುಬಸಮ್ಮ ಬಂದೂಕು ಸುತ್ತಿದ್ದ ಸೀರೆಯ ಸೆರಗನ್ನು ಹುಡುಕಿ ನನ್ನ ಮುಂದೆ ಹಿಡಿದರು. ಕೊತ್ತಂಬರಿ ಕಾಳಿನಷ್ಟು ತೂತು. ಅದೇ ಬಣ್ಣದ ನೂಲಿನಿಂದ ಹೊಲಿದು ಮುಚ್ಚಿದ್ದರು. "ಅಲಗೆ ತೂರಕಿಲ್ಲ, ಸರಿ. ಸೀರೆ ತೂರ್ತಲ್ಲ ಸಾ?"

ಕುರ್ಚಿ ತೋರಿಸಿ ಕೂರಿಸಿದೆ. ಬೇಡ ಬೇಡವೆಂದರೂ ಕಥೆ ಬಿಚ್ಚಿಕೊಂಡಿತು. ಅವರ ಯಜಮಾನರು ಸಿದ್ದಮಲ್ಲಪ್ಪ. ಮನೆಯ ಹಿಂದೆ ಸಪೋಟ ತೋಟ. ಕೋತಿ, ಬಾವಲಿಗಳನ್ನು ಓಡಿಸಲು ಹತ್ತು ವರ್ಷದ ಹಿಂದೆ ಮೈಸೂರಿನಿಂದ ತಂದ ಬಂದೂಕು ಇದು. ಅವರ ಗುರಿ ಊರಿಗೇ ಹೆಸರುವಾಸಿಯಂತೆ. ಈಗ ಎರಡು ವರ್ಷದಿಂದ ಕಣ್ಣು ಮಂಜು.

"ನರ ಸತ್ತೋಗ್ತಾ ಅದೆ, ಆಪ್ರೇಸನ್ ಮಾಡುದ್ರೂ ಬರಕಿಲ್ಲ ಅಂದ್ರು ಮೈಸೂರು ಡಾಕ್ಟ್ರು. ಇವ್ರು ಮಾತ್ರ ಕಾಣ್ತದೆ ಕಾಣ್ತದೆ ಅಂತಾರೆ. ಎಲೆ ಅಲ್ಲಾಡುದ್ರೆ ಸಾಕು, ಸದ್ದು ಬಂದ್ ಕಡೀಕೆ ಒಡೀತಾರೆ. ಅವತ್ತು ಮರದಡಿ ನಾನು ತರಗು ಗುಡ್ಸ್ತಿದ್ದೆ. ಸೆರಗಲ್ಲಿ ಓಯ್ತು. ಒಂದ್ ಗೇಣು ಈಚೆಗೆ ಬಂದಿದ್ರೆ ನನ್ನ ಕಣ್ಣು."

"ಅವರಿಗೆ ಹೇಳಿದ್ರಾ?"

"ಏಳಾದುಂಟಾ? ಇಲಿ ಕಡೀತು ಅಂದಿವ್ನಿ."

ಮಾರಿಬಿಡಿ ಅಂದೆ. ಮುರಿದು ಕೆರೆಗೆ ಹಾಕಿ ಅಂದೆ. ಆಕೆ ತಲೆಯಾಡಿಸಿದರು. "ನಾ ಕಿತ್ಕಂಡ್ರೆ ನೀನು ಕುರ್ಡ ಅಂದಂಗಾಯ್ತದೆ. ಆ ಮಾತ ಅವ್ರು ತಡ್ಕಳಕಿಲ್ಲ. ಸರ್ಕಾರ ಕೇಳುದ್ರೆ ಕೊಡಾದು ಮರ್ವಾದೆ. ಎಲೆಕ್ಷನ್ ಅಂದೆ, ಸುಮ್ನೆ ತೆಗೆದುಕೊಟ್ರು."

ಸರಿ, ವಾಪಸ್ ಒಯ್ದ ಮೇಲಾದರೂ ಹುಷಾರಾಗಿಡಿ ಎಂದು ಹೇಳಿದೆ. ಗುಂಡು ತುಂಬಿಸಿ ಇಡಬಾರದು. ಬಂದೂಕು ಪೆಟ್ಟಿಗೆಯೊಳಗೆ, ಗುಂಡು ಬೇರೆ ಕಡೆ, ಪೆಟ್ಟಿಗೆಗೆ ಬೀಗ, ಕೀಲಿಕೈ ಇನ್ನೊಬ್ಬರ ಹತ್ತಿರ.

"ಪೆಟ್ಟಿಗೆ ಅದೆ, ಬೀಗ ಅದೆ. ಕೀಲಿಕೈ ಅವ್ರ ಉಡ್ದಾರದಲ್ಲಿ ಅದೆ ಸಾ. ಅಲ್ಲಿಂದ ಯಾರ್ ಬಿಚ್ಚಾರು?"

ವಾದ ಮಾಡುವ ಶಕ್ತಿ ನನಗಿರಲಿಲ್ಲ. ರಿಜಿಸ್ಟರಿಗೆ ಬರೆಯುವ ಹಾಗಿಲ್ಲ. ಬಿಳಿ ಹಾಳೆಯ ಮೇಲೆ ರಸೀದಿಯಂತೆ ಏನೋ ಗೀಚಿ ಸೀಲು ಒತ್ತಿ ಕೊಟ್ಟೆ. ಬಂದೂಕನ್ನು ಅದೇ ಸೀರೆಯಲ್ಲಿ ಸುತ್ತಿ ಕೋವಿಗಳ ಕೋಣೆಯ ಬೀರುವಿನ ತಲೆಯ ಮೇಲಿಟ್ಟೆ. ನೌಕರಿಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಇದೊಂದಕ್ಕೆ ಮಾತ್ರ ನಾನು ಇವತ್ತಿಗೂ ನಾಚಿಕೊಂಡಿಲ್ಲ.

ಎಣಿಕೆ ಮುಗಿದ ವಾರದಲ್ಲೇ ಎಲ್ಲರೂ ಕೋವಿ ಒಯ್ದರು. ಸಿದ್ದಮಲ್ಲಪ್ಪನವರು ಬಂದದ್ದು ಎರಡು ತಿಂಗಳು ಕಳೆದ ಮೇಲೆ. ನೆಟ್ಟಗಿನ ಆಳು, ಬಿಳಿ ರುಮಾಲು. ತೋರಿಸಿದ ಕುರ್ಚಿ ಬಿಟ್ಟು ಪಕ್ಕದ ಗೋಡೆಯ ಕಡೆ ಹೋದರು. ನೋಡಲಾಗದೆ ನಾನೇ ಕೈಹಿಡಿದು ಕೂರಿಸಿದೆ. ತುಂಬಿಸಿ ಇಡಬೇಡಿ ಯಜಮಾನ್ರೆ, ಬೀಗ ಹಾಕಿಡಿ ಅಂದೆ.

"ಬೀಗ ತೆಗ್ಯೋಗಂಟ ಕೋತಿ ಕಾಯ್ಕಂಡ್ ಕುಂತಿರ್ತದಾ ಸಾ?" ಅಂದು ನಕ್ಕು, ಬಂದೂಕು ಹೆಗಲಿಗೇರಿಸಿ ಹೊರಟರು. ಹೋದ ಮೇಲೆ ಬಹಳ ಹೊತ್ತು ನನಗೆ ಕೆಲಸ ಓಡಲಿಲ್ಲ.

ಅಲ್ಲಿಂದ ಶುರುವಾಯಿತು ಗುರುಬಸಮ್ಮನ ಕಾಟ. ಸಂತೆಗೆ ಬಂದಾಗಲೆಲ್ಲ ಠಾಣೆಯ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ: "ಸಾ, ಈ ಸರ್ಕಾರ ಬೀಳಾದು ಯಾವಾಗ?" ಪೊಲೀಸ್ ಠಾಣೆಯಲ್ಲಿ ನಿಂತು ಸರ್ಕಾರ ಬೀಳಲಿ ಅನ್ನುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಕೆಯ ನಂಜುಂಡೇಶ್ವರ ಕಿವಿಗೊಟ್ಟನೋ ಏನೋ, ದಿಲ್ಲಿಯಲ್ಲಿ ಸರ್ಕಾರಗಳು ಒಂದರ ಹಿಂದೊಂದು ಬಿದ್ದವು. ತೊಂಬತ್ತೆಂಟರಲ್ಲಿ ಬಂದೂಕು ಬಂತು, ಹೋಯಿತು. ತೊಂಬತ್ತೊಂಬತ್ತರಲ್ಲಿ ಮತ್ತೆ ಬಂತು. ಪ್ರತಿ ಸಲವೂ ಅದೇ ಸೀರೆ, ಪ್ರತಿ ಸಲವೂ ಒಳಗೆ ಗುಂಡು. ಇಡೀ ತಾಲ್ಲೂಕಿಗೆ ಚುನಾವಣೆ ಸಾಕಾಗಿ ಹೋಗಿತ್ತು, ನನಗಂತೂ ಪೂರಾ. ಆಕೆ ಒಬ್ಬರೇ ಖುಷಿಯಾಗಿದ್ದವರು.

ತೊಂಬತ್ತೊಂಬತ್ತರ ಎಣಿಕೆಯಾದ ಮೇಲೆ ಸಿದ್ದಮಲ್ಲಪ್ಪನವರು ಬರಲೇ ಇಲ್ಲ. ಎರಡು ತಿಂಗಳಾಯಿತು, ಆರಾಯಿತು, ವರ್ಷ ದಾಟಿತು. ಗುರುಬಸಮ್ಮನೂ ಕೇಳಲಿಲ್ಲ, ನಾನೂ ಹೇಳಿ ಕಳಿಸಲಿಲ್ಲ. ಬೀರುವಿನ ಮೇಲೆ ಸೀರೆ ಧೂಳು ತಿಂದುಕೊಂಡು ಬಿದ್ದಿತ್ತು, ನಾನು ನೆಮ್ಮದಿಯಾಗಿದ್ದೆ.

ಎರಡು ಸಾವಿರದ ಒಂದರಲ್ಲಿ ಹೊಸ ಸಬ್‌ಇನ್ಸ್‌ಪೆಕ್ಟರ್ ಬಂದರು. ಮೊದಲ ದಿನವೇ ಕೋಣೆ ತಪಾಸಣೆ. ಗಂಟು ಕೆಳಗಿಳಿಸಿ ಕೇಳಿದರು, "ಇದು ಯಾವ ಕೇಸಿನದು? ಎಂಟ್ರಿ ಎಲ್ಲಿ?"

ಇದ್ದದ್ದನ್ನು ಹೇಳಿದೆ. ಮನುಷ್ಯ ಕೆಟ್ಟವರಲ್ಲ. ಆದರೆ ಅವರು ಹೇಳಿದ್ದು ಕಾನೂನು. "ಲೈಸೆನ್ಸ್ ಬೇಡದ ವಸ್ತುವನ್ನ ಯಾವ ಅಧಿಕಾರದ ಮೇಲೆ ಇಟ್ಕೊಂಡಿದ್ದೀರಿ ರೈಟ್ರೆ? ಈ ವಾರದೊಳಗೆ ವಾಪಸ್ ಹೋಗ್ಬೇಕು. ಇಲ್ಲದಿದ್ರೆ ನಿಮ್ಮ ಮೇಲೇ ಮೆಮೊ ಬರೀತೀನಿ."

ಬೀಟಿಗೆ ಹೋಗುವ ಪೇದೆಯ ಬಾಯಲ್ಲಿ ಹೇಳಿ ಕಳಿಸಿದೆ. ಮೂರನೇ ದಿನ ಸಿದ್ದಮಲ್ಲಪ್ಪನವರೊಬ್ಬರೇ ಬಂದರು. ಬಸ್ಸಿನ ಕಂಡಕ್ಟರು ಬಾಗಿಲವರೆಗೆ ಕೈಹಿಡಿದು ತಂದು ಬಿಟ್ಟುಹೋದ. ಈಗ ಕೋಲು ಬಂದಿತ್ತು. ಸಬ್‌ಇನ್ಸ್‌ಪೆಕ್ಟರ್ ಹೊರಗೆ ಹೋಗಿದ್ದರು. ಮೇಜಿನ ಮೇಲೆ ಗಂಟಿಟ್ಟು ಮಾತು ತೆಗೆದೆ.

"ಯಜಮಾನ್ರೆ, ಇದಕ್ಕೆ ಲೈಸೆನ್ಸ್ ಬೇಕಿರಲಿಲ್ಲ. ಎಲೆಕ್ಷನ್ನಿಗೆ ಒಪ್ಪಿಸಬೇಕಾಗೂ ಇರಲಿಲ್ಲ..."

"ಗೊತ್ತು ಬುಡಿ ಸಾ," ಅಂದರು. "ತಗೊಂಡಾಗ್ಲೇ ಅಂಗ್ಡಿಯವ್ನು ಏಳಿದ್ದ."

ಅವರ ಬೆರಳುಗಳು ಸೀರೆಯ ಮೇಲೆ ತಡಕಾಡುತ್ತ ಸೆರಗಿಗೆ ಬಂದು, ಆ ಹೊಲಿಗೆಯ ಗಂಟಿನ ಮೇಲೆ ನಿಂತವು.

"ಇಲಿ ಕಡೀತು ಅಂದ್ಲು. ಒಗೆದು ಒಣಗಾಕಿದ್ ಸೀರೆ, ಕೈಗ್ ಸಿಕ್ತು. ಆ ತೂತ ಆಗಿನ್ನೂ ಒಲ್ದಿರ್ಲಿಲ್ಲ. ಇಲಿ ಇಷ್ಟ್ ದುಂಡಗೆ ಕಡೀತದಾ ಸಾ?" ಸೆರಗು ಬಿಟ್ಟು ಕೋಲು ಹಿಡಿದುಕೊಂಡರು. "ಅವತ್ತಿಂದ ಒಂದ್ ಗುಂಡೂ ಆರ್ಸಿಲ್ಲ. ಸುಮ್ನೆ ತುಂಬ್ಸಿ ತೊಡೆ ಮ್ಯಾಲೆ ಇಟ್ಕಂಡ್ ಕೂತಿರ್ತಿದ್ದೆ. ನನ್ನ ಕೈಲಾಗಕಿಲ್ಲ ಅಂತ ಅವ್ಳ್ ಮುಂದೆ ಎಂಗೇಳ್ಲಿ? ಎಲೆಕ್ಷನ್ ಬಂತು ಅಂದ್ಲು. ಅಬ್ಬ ಅಂದ್ಕಂಡು ಕೊಟ್‌ಬುಟ್ಟೆ."

ಹಾಗಿದ್ದಮೇಲೆ ಯಾಕೆ ತುಂಬಿಸಿ ಇಡುತ್ತಿದ್ದಿರಿ ಎಂದು ರೇಗಬೇಕಿತ್ತು. ರೇಗಲಾಗಲಿಲ್ಲ.

"ಒತ್ಕಂಡೋಗ್ತೀನಿ ಸಾ, ನಿಮ್ಗೆ ತೊಂದ್ರೆ ಬ್ಯಾಡ." ಅಂಗಿ ಎತ್ತಿ, ಉಡಿದಾರದ ಗಂಟನ್ನು ನಿಧಾನವಾಗಿ ಬಿಚ್ಚಿ ಕೀಲಿಕೈ ತೆಗೆದರು. ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು. "ಪೆಟ್ಟಿಗೆ ತೆಗೆದಿಟ್ಟೇ ಬಂದಿವ್ನಿ. ಇದ ಒಳಗಾಕಿ ಬೀಗ ಒತ್ತುದ್ರೆ ಕಚ್ಕತದೆ. ಕೀಲಿಕೈ ನಿಮ್ತಾವೇ ಇರ್ಲಿ. ಇದ್ನ ಇಟ್ಕಳಕ್ಕೂ ಕಾನೂನ್ ಅಡ್ಡ ಬತ್ತದಾ?"

"ಇಲ್ಲ ಯಜಮಾನ್ರೆ."

"ಅವ್ಳು ಕೇಳುದ್ರೆ ಸರ್ಕಾರವೇ ಇಸ್ಕತು ಅನ್ನಿ. ಸೀರೆ ಮಾತು ಎತ್ತಬ್ಯಾಡಿ."

ಬಂದೂಕಿನ ಕೊಳವೆ ಖಾಲಿ ಇದೆಯೆಂದು ಎರಡು ಸಲ ನೋಡಿ, ಸುತ್ತಿ ಕೊಟ್ಟು, ಬಸ್ಸು ಹತ್ತಿಸಿ ಬಂದೆ.

ಮುಂದಿನ ಸಂತೆಗೆ ಗುರುಬಸಮ್ಮ ಏದುಸಿರು ಬಿಡುತ್ತ ಬಂದರು. "ಏನ್ ಮಾಡ್ಬುಟ್ರಿ ಸಾ! ಬಂದೂಕ ಮನೆಗ್ ಬಂದದೆ. ಬಂದವ್ರೇ ಪೆಟ್ಟಿಗೆಗಾಕಿ ಬೀಗ ಒತ್ತುದ್ರು. ಯಾವತ್ತು ತೆಗೆದಾರೋ ಅಂತ ಎದೆ ಒಡ್ಕತಾ ಅದೆ."

ಡ್ರಾಯರಿನಿಂದ ಕೀಲಿಕೈ ತೆಗೆದು ತೋರಿಸಿದೆ. ಆಕೆ ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಬೆಂಚಿನ ಮೇಲೆ ಕೂತುಬಿಟ್ಟರು. ಮುಖದ ಸುಕ್ಕುಗಳೆಲ್ಲ ಒಮ್ಮೆಲೇ ಸಡಿಲವಾದವು.

"ಅವ್ರೇ ಬಿಚ್ಕೊಟ್ರಾ?"

"ಸರ್ಕಾರ ಇಸ್ಕೊಂತಮ್ಮ."

ಕೀಲಿಕೈಯನ್ನು ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟರು. ಬಾಗಿಲವರೆಗೆ ಹೋದವರು ಮತ್ತೆ ತಿರುಗಿ ಬಂದು ದನಿ ತಗ್ಗಿಸಿ ಕೇಳಿದರು, "ಸೀರೆ ಇಸ್ಯ ಏನಾರ ಅಂದ್ರಾ ಸಾ?"

"ಏನೂ ಅನ್ನಲಿಲ್ಲ."

"ಸದ್ಯ," ಅಂದರು ಗುರುಬಸಮ್ಮ. "ಗೊತ್ತಾಗಿದ್ರೆ ನೊಂದ್ಕಳರು. ಇಲೀನೇ ಕಡೀತು ಅಂತ ಅಂದ್ಕಂಡವ್ರೆ, ಅಂಗೇ ಇರ್ಲಿ ಬುಡಿ."

ಇರಲಿ ಅಂದೆ. ಕೀಲಿಕೈಯನ್ನು ಡ್ರಾಯರಿಗೆ ಹಾಕಿ, ಬರೆಯುತ್ತಿದ್ದ ಹಾಳೆಯನ್ನು ಮತ್ತೆ ಮುಂದಕ್ಕೆಳೆದುಕೊಂಡೆ.