ಹೊನ್ನಗೇರಿಯಲ್ಲಿ ಉಳಿದ ದೀಪ

ಬೀದರದ ನೌಬಾದಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಬೆಳಿಗ್ಗೆಯಿಂದ ರಕ್ತ ತೆಗೆಯುವ ಕೆಲಸ ನಡೆದಿತ್ತು. ಸೂಜಿ ಹಿಡಿದು ಕೂತವಳು ಎಡಿತ. ಆಸ್ಪತ್ರೆಯ ನೌಕರಿ ಮುಗಿದು ಎಷ್ಟೋ ವರ್ಷವಾಗಿದ್ದರೂ ಆಕೆಯ ಕೈ ಇನ್ನೂ ನಡುಗುತ್ತಿರಲಿಲ್ಲ. ಗಣಿ ಕಂಪನಿಯ ಪರವಾಗಿ ಬಂದಿದ್ದ ಸಾಜಿದ ಮೊದಲ ದಿನ ತಾನೇ ಸೂಜಿ ಹಿಡಿದು ಕೂತು ನೋಡಿದ್ದ. ಯಾರೂ ತೋಳು ಚಾಚಲಿಲ್ಲ. ಎಡಿತಕ್ಕ ಬರಲಿ, ಆಮೇಲೆ ನೋಡೋಣ ಎಂದು ಎಲ್ಲರೂ ಹೊರಗೆ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು.

ಅವರೆಲ್ಲ ಹೊನ್ನಗೇರಿಯವರು. ಅಂದರೆ ಬೀದರ, ಭಾಲ್ಕಿ, ಔರಾದದಿಂದ ಒಂದು ಕಾಲಕ್ಕೆ ಆ ಊರಿಗೆ ಹೋಗಿ, ಅಲ್ಲಿನ ಚಿನ್ನದ ಗಣಿ ಮುಚ್ಚಿದ ಮೇಲೆ ಬರಿಗೈಲಿ ತಿರುಗಿ ಬಂದವರು.

ಹೊನ್ನಗೇರಿ ಮೊದಲು ಕುರಿ ಮೇಯುವ ಬೋಳು ಗುಡ್ಡ. ನಿಜಾಮರ ಕಾಲದಲ್ಲಿ ಒಬ್ಬ ಸಾಹೇಬ ಅಲ್ಲಿನ ಬಿಳಿಕಲ್ಲು ಒಡೆದು ನೋಡಿ ನಕ್ಕನಂತೆ. ಆ ನಗುವಿನಿಂದಲೇ ಊರು ಹುಟ್ಟಿತು ಎಂದು ಹಳಬರು ಹೇಳುತ್ತಿದ್ದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಮೇಸ್ತ್ರಿಗಳು ಈ ಕಡೆಯ ಹಳ್ಳಿಗಳಿಗೆ ಬಂದು ಗಟ್ಟಿ ತೋಳಿನವರನ್ನು ಕರೆದೊಯ್ದರು. ಮಿಷನ್ ಶಾಲೆಯಲ್ಲಿ ಕಲಿತವರು ಗುಮಾಸ್ತರಾಗಿ, ನರ್ಸುಗಳಾಗಿ ಹಿಂದೆಯೇ ಹೋದರು. ಸಾಲುಮನೆ, ಆಸ್ಪತ್ರೆ, ಸಿನಿಮಾ ಟಾಕೀಸು ಎಲ್ಲ ಆದವು. ಊರಿಗೆ ಗಡಿಯಾರವೇ ಬೇಕಿರಲಿಲ್ಲ. ಸೈರನ್ ಕೂಗಿದರೆ ಏಳುವುದು, ಸೈರನ್ ಕೂಗಿದರೆ ಅನ್ನಕ್ಕಿಡುವುದು. ಗಂಡಸರು ದಿನವಿಡೀ ಚಿನ್ನ ಅಗೆಯುತ್ತಿದ್ದರು, ಹೆಂಗಸರ ಕೊರಳಲ್ಲಿ ಮಾತ್ರ ಕರಿಮಣಿಯೇ ಇರುತ್ತಿತ್ತು.

ಒಂದು ಮಳೆಗಾಲ ಕೆರೆಯ ನೀರು ಹಳೆಯ ಸುರಂಗ ಒಡೆದುಕೊಂಡು ದೊಡ್ಡ ಗಣಿಗೆ ನುಗ್ಗಿತು. ಹಗಲು ಪಾಳಿಗೆ ಇಳಿದವರು ಮೇಲೆ ಬರಲಿಲ್ಲ. ಹೆಣ ತೆಗೆಯುವುದೂ ಆಗಲಿಲ್ಲ. ಗಣಿಯ ಬಾಯಿಗೆ ಕಾಂಕ್ರೀಟ್ ಹಾಕಿದರು. ಪಕ್ಕದ ಸಣ್ಣ ಗಣಿ ಇನ್ನೂ ಹತ್ತಿಪ್ಪತ್ತು ವರ್ಷ ಉಸಿರು ಹಿಡಿದಿತ್ತು, ಆಮೇಲೆ ಅದೂ ನಿಂತಿತು. ಮನೆಗಳ ಬಾಗಿಲು, ತಗಡು, ಹಳಿ ಎಲ್ಲ ಗುಜರಿಗೆ ಹೋದವು.

ಈಗ ಚಿನ್ನದ ಬೆಲೆ ಏರಿದೆ. ಹೊಸ ಕಂಪನಿ ಕಾಂಕ್ರೀಟ್ ಒಡೆದು ನೀರು ಎತ್ತಿಸುತ್ತಿದೆ. ನೀರಿನ ತಳದಲ್ಲಿ ಎಲುಬು ಸಿಗುತ್ತಿವೆ. ಯಾವ ಎಲುಬು ಯಾರದೆಂದು ತಿಳಿಯಲು ಸತ್ತವರ ಮಕ್ಕಳ ರಕ್ತ ಬೇಕು.

ಮಧ್ಯಾಹ್ನದ ಹೊತ್ತಿಗೆ ಗುರಮ್ಮ ಒಳಗೆ ಬಂದಳು. ಬೆಳಿಗ್ಗೆಯಿಂದ ಅವಳು ಬರದಿರಲಿ ಎಂದೇ ಎಡಿತ ಒಳಗೊಳಗೆ ಪ್ರಾರ್ಥಿಸಿದ್ದಳು.

ಗುರಮ್ಮನ ಗಂಡ ಘಾಳೆಪ್ಪ ಅಂದು ಮೇಲೆ ಬಾರದವರಲ್ಲಿ ಒಬ್ಬ. ಮಗಳು ಬಸವೇಶ್ವರಿ ಆಗ ತೊಟ್ಟಿಲ ಕೂಸು. ಸತ್ತವರ ಹೆಂಡಂದಿರಿಗೆ ಕೆಲಸ ಕೊಟ್ಟಾಗ ಗುರಮ್ಮ ಗಣಿಯ ಆಸ್ಪತ್ರೆಯಲ್ಲಿ ಆಯಾ ಆದಳು. ಎಡಿತಳ ಕೈಕೆಳಗೆ ವರ್ಷಗಟ್ಟಲೆ ದುಡಿದಳು, ಮಗಳನ್ನು ಓದಿಸಿ ಭಾಲ್ಕಿಯ ಶಾಲೆಯಲ್ಲಿ ಟೀಚರಮ್ಮನನ್ನಾಗಿ ಮಾಡಿದಳು.

"ನನ್ನ ತೋಳು ಮೊದಲು ತಗೋರಿ ಎಡಿತಕ್ಕ," ಎಂದು ಸೀರೆಯ ಸೆರಗು ಸರಿಸಿದಳು.

ಹೆಂಡತಿಯ ರಕ್ತದಿಂದ ಏನೂ ತಿಳಿಯದು, ಮಗಳದೇ ಬೇಕು ಎಂದು ಎಡಿತ ಹೇಳಿದಳು.

"ಇಷ್ಟು ವರ್ಷ ಅವನ ಹೆಸರ ಮ್ಯಾಲೆ ಕುಂತೇನಿ, ನನ್ನ ರಕ್ತ ನಡೆಯೂದಿಲ್ಲೇನ್ರಿ? ಆಕಿ ಅಪ್ಪನ ಮಾರಿ ಸುದ್ದಾ ನೋಡಿಲ್ಲ, ಆಕೀದು ನಡೀತದಂತ," ಎಂದು ಗುರಮ್ಮ ನಕ್ಕಳು.

ಬಸವೇಶ್ವರಿ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಎದುರಿನ ಅಂಗಡಿಗೆ ಹೋಗಿದ್ದಳು. ಅವಳು ಬರುವತನಕ ಗುರಮ್ಮ ತನ್ನ ಏರ್ಪಾಡು ಹೇಳುತ್ತ ಕೂತಳು. ತನ್ನೂರು ಸಾಯಗಾಂವದ ಹೊಲದ ಮೂಲೆಯಲ್ಲಿ ಜಾಗ ಬಿಡಿಸಿಟ್ಟಿದ್ದಾಳೆ. ಒಂದು ಎಲುಬು ಸಿಕ್ಕರೂ ಸಾಕು, ಮಠದ ಅಯ್ನೋರನ್ನು ಕರೆಸಿ, ವಿಭೂತಿ ಹಚ್ಚಿ, ಮಣ್ಣು ಕೊಟ್ಟು, ಪಕ್ಕದಲ್ಲಿ ತನಗೂ ಅಷ್ಟು ಜಾಗ. ಡಾಕ್ಟರು ಹೃದಯಕ್ಕೆ ಆಪರೇಷನ್ ಆಗಬೇಕು ಅಂದಿದ್ದಾರೆ. ಎಲುಬು ಬಂದ ಮೇಲೆ ನೋಡಿದರಾಯಿತು ಎಂದು ತಾನೇ ಮುಂದಕ್ಕೆ ಹಾಕಿದ್ದಾಳೆ.

ಎಡಿತ ಒಂದು ನೆಪ ಹೇಳಿ ಹೊರಗೆ ಹೋದಳು. ಯಾರದಾದರೂ ಎಲುಬು ಸಿಗದೇ ಹೋದರೆ ಏನು ಹೇಳುತ್ತೀರಿ ಎಂದು ಸಾಜಿದನನ್ನು ಕೇಳಿದಳು. ಇನ್ನೂ ನೀರು ಎತ್ತುವುದಿದೆ, ಕಾಯಿರಿ ಅನ್ನುತ್ತೇವೆ ಎಂದ ಅವನು. ಎಷ್ಟು ದಿನ? ಹೇಳಲಾಗದು ಅಮ್ಮಾ, ವರ್ಷಗಳೇ ಆದಾವು ಎಂದ.

ತಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗುರಮ್ಮ ಮಾತ್ರ ಆಪರೇಷನ್ ಬಿಟ್ಟು, ಬಾರದ ಎಲುಬಿಗೆ ದಾರಿ ಕಾಯುತ್ತ ಕೂಡುತ್ತಾಳೆ.

ಎಡಿತಳ ಗಂಡ ಇಮ್ಮಾನುಯೇಲ ಗಣಿಯ ದೀಪದ ಕೋಣೆಯಲ್ಲಿ ಗುಮಾಸ್ತನಾಗಿದ್ದ. ಇಳಿಯುವವರು ಮೊದಲು ಹಲಗೆಯ ಮೊಳೆಗೆ ತಮ್ಮ ಹಿತ್ತಾಳೆ ಬಿಲ್ಲೆ ತೂಗುಹಾಕಬೇಕು, ಆಮೇಲೆ ಅವನ ಕಿಟಕಿಯಲ್ಲಿ ತಮ್ಮ ನಂಬರಿನ ತಲೆದೀಪ ಇಸಿದುಕೊಳ್ಳಬೇಕು. ಮೇಲೆ ಬಂದಾಗ ದೀಪ ಮರಳಿ ಕೊಟ್ಟು ಬಿಲ್ಲೆ ತೆಗೆದುಕೊಳ್ಳಬೇಕು. ಬಿಲ್ಲೆ ಮೊಳೆಯ ಮೇಲಿದ್ದರೆ ಮನುಷ್ಯ ಕೆಳಗಿದ್ದಾನೆ ಎಂದೇ ಲೆಕ್ಕ. ಆದರೆ ಜೊತೆಗಾರನಿಗೆ ಒಂದು ದಿನ ತಪ್ಪಿಸಿಕೊಳ್ಳುವುದಿದ್ದರೆ ಅವನ ಬಿಲ್ಲೆಯನ್ನೂ ತೂಗುಹಾಕಿ ಹಾಜರಿ ಹಾಕಿಸುವುದು ಗಣಿಯವರ ರೂಢಿ. ಬಿಲ್ಲೆ ಎರಡು ಹಾಕಬಹುದು, ತಲೆಗೆ ದೀಪ ಎರಡು ಕಟ್ಟಲಾಗದು.

ನೀರು ನುಗ್ಗಿದ ದಿನ ಸಾಹೇಬರು ಹಲಗೆಯ ಬಿಲ್ಲೆ ನೋಡಿ ಹೆಸರು ಕೂಗಿದರು. ಗುರಮ್ಮ ಅಲ್ಲೇ ಬಳೆ ಒಡೆದುಕೊಂಡಳು. ಕೋಣೆಗೆ ಮರಳಿದ ಇಮ್ಮಾನುಯೇಲ ನೋಡುತ್ತಾನೆ, ಘಾಳೆಪ್ಪನ ದೀಪ ಕಪಾಟಿನಲ್ಲೇ ಇದೆ. ಅವನ ಬಿಲ್ಲೆ ಹಾಕಿದ ಗೆಳೆಯ ಶಿವರಾಜಪ್ಪ ನೀರಿನಡಿ ಇದ್ದ. ಒಂದೆರಡು ದಿನದಲ್ಲಿ ಘಾಳೆಪ್ಪ ಬಂದಾನು ಎಂದು ಗಂಡಹೆಂಡತಿ ಕಾದರು. ಬರಲಿಲ್ಲ. ಆಮೇಲೆ ಬಾಯಿ ಬಿಟ್ಟರೆ ಸತ್ತ ಶಿವರಾಜಪ್ಪ ಕಳ್ಳನಾಗುತ್ತಿದ್ದ, ಕೂಸಿನ ತಾಯಿಗೆ ಮನೆಯೂ ಕೆಲಸವೂ ಇಲ್ಲವಾಗುತ್ತಿತ್ತು. ಇಮ್ಮಾನುಯೇಲ ದೀಪವನ್ನು ರಿಪೇರಿ ಸಾಮಾನಿನಲ್ಲಿ ಸೇರಿಸಿಬಿಟ್ಟ. ಆ ಮಾತನ್ನು ಸಮಾಧಿಗೂ ಒಯ್ದ.

ಎಡಿತ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಸೂಜಿಯನ್ನು ತಟ್ಟೆಯಲ್ಲಿಟ್ಟಳು.

"ಗುರಮ್ಮ, ಘಾಳೆಪ್ಪನ ಎಲುಬು ಸಿಗೂದಿಲ್ಲ. ಅವ ಅವತ್ತು ಇಳಿದೇ ಇಲ್ಲ. ಬಿಲ್ಲೆ ಶಿವರಾಜಪ್ಪ ಹಾಕಿದ್ದ. ದೀಪ ಕಪಾಟಿನ್ಯಾಗ ಹಂಗೇ ಇತ್ತು. ನಮ್ಮನಿಯವರು ನೋಡಿದ್ರು."

ಗುರಮ್ಮ ಸರಿಸಿದ್ದ ಸೆರಗನ್ನು ಮತ್ತೆ ತೋಳಿನ ಮೇಲೆ ಎಳೆದುಕೊಂಡಳು. ತನ್ನಷ್ಟಕ್ಕೆ ಆಡಿಕೊಂಡಂತೆ ಅಂದಳು:

"ಹೊಸ ಅಂಗಿ ಹಾಕ್ಕೊಂಡಿದ್ದ. ಗಣಿಗಿ ಹೋಗೋನಿಗಿ ಹೊಸ ಅಂಗಿ ಯಾಕ ಅಂತ ಕೇಳಿದ್ದೆ. ನಕ್ಕ."

ಎಡಿತ ಅವಳ ಕೈ ಹಿಡಿಯಲು ಹೋದಳು. ಗುರಮ್ಮ ಕೈ ಎಳೆದುಕೊಂಡಳು.

"ಎಲ್ಲಿಗಿ ಹೋದ?"

"ಗೊತ್ತಿಲ್ಲ. ಆಣಿ ಮಾಡಿ ಹೇಳ್ತೇನಿ, ಅದು ನಮಗೂ ಗೊತ್ತಾಗಲಿಲ್ಲ."

"ಒಂದು ತಂಬಿಗಿ ನೀರು ಕುಡೀಲಾಕ ಎತ್ತಿದ್ರ ಅವನ ಬಾಯಾಗ ನೀರು ತುಂಬಿದ್ದು ಕಾಣ್ತಿತ್ತು ನನಗ. ಗೊತ್ತದೇನು ನಿನಗ?" ಎಂದಳು. ಇಷ್ಟು ವರ್ಷದಲ್ಲಿ ಅವಳು ಎಡಿತಳನ್ನು ನೀನು ಎಂದದ್ದು ಅದೇ ಮೊದಲು. "ನನ್ನ ಜೋಡಿ ಕುಂತು ರೊಟ್ಟಿ ತಿಂದಿ. ನಾ ಅಳೂಮುಂದ ಬೆನ್ನ ಮ್ಯಾಲೆ ಕೈ ಆಡಿಸಿದಿ. ಅವತ್ತೇ ಹೇಳಿದ್ರ ಸಿಟ್ಟು ಮಾಡ್ಕೊಂಡು ಬದುಕ್ತಿದ್ದೆ ನಾ. ಅಳಕೋತ ಬದುಕಿದೆ."

ಮನೆ ಹೋಗುತ್ತಿತ್ತು, ಕೆಲಸ ಹೋಗುತ್ತಿತ್ತು, ಮಗಳ ಓದು ಆಗುತ್ತಿರಲಿಲ್ಲ. ಎಡಿತಳ ನಾಲಗೆಯ ತುದಿಯಲ್ಲಿ ಇದೆಲ್ಲ ಇತ್ತು. ಎಲ್ಲವೂ ನಿಜವೇ.

ಗುರಮ್ಮ ಮೇಜಿನ ಮೇಲಿದ್ದ ನೀರಿನ ಲೋಟ ತೆಗೆದುಕೊಂಡಳು. ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಒಂದೇ ಉಸಿರಿಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಬಾಗಿಲು ತೆರೆಯಿತು. ಬಸವೇಶ್ವರಿ ಜೆರಾಕ್ಸ್ ಕಾಗದ ಹಿಡಿದು, ಕುಪ್ಪಸದ ತೋಳು ಆಗಲೇ ಮೇಲಕ್ಕೆ ಮಡಚಿಕೊಂಡು ಬಂದಳು. ಇಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ಏನಾಯ್ತವ್ವ?"

ಗುರಮ್ಮ ಎದ್ದು ಮಗಳಿಗೆ ಕುರ್ಚಿ ಬಿಟ್ಟುಕೊಟ್ಟಳು, ಮಡಚಿದ ತೋಳನ್ನು ತಾನೇ ಕೆಳಗಿಳಿಸಿದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತು ಎಡಿತಳಿಗೆ ಅಂದಳು:

"ನೀನೇ ಹೇಳು. ಇದು ನನ್ನ ಬಾಯಿಲೆ ಬರೂದಿಲ್ಲ."

ಎಡಿತ ಬಸವೇಶ್ವರಿಯ ಎದುರಿಗೆ ಕುರ್ಚಿ ಎಳೆದುಕೊಂಡಳು. ಸೂಜಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಹೊನ್ನಗೇರಿಯಾಗ ದೀಪ ಇಲ್ಲದ ಯಾರೂ ಗಣಿಗಿ ಇಳೀತಿರಲಿಲ್ಲವ್ವ," ಎಂದು ಶುರುಮಾಡಿದಳು.