ಕಾಜಲಳ ಅರ್ಧ ಗುಳಿಗಿ

ಸೊಲ್ಲಾಪುರದ ಬಾಲಗೃಹದವರು ಕಾಜಲಳನ್ನು ಸಾಕಲೆಂದು ಅಕ್ಕಲಕೋಟದ ಕಡೆಯ ಕುರುಬರ ಹಣಮವ್ವನಿಗೆ ಒಪ್ಪಿಸಿದಾಗ, ಒಂದು ಬಟ್ಟೆಚೀಲದ ಜೊತೆ ಮೂರು ಬಗೆಯ ಗುಳಿಗೆಗಳನ್ನೂ ಕೊಟ್ಟರು. ಹದಿನಾಲ್ಕರ ಹುಡುಗಿ. ಕಿರುಚುತ್ತಾಳೆಂದು ಶುರುವಾದ ಔಷಧ. ಕಿರುಚುವುದು ನಿಂತಿತು, ಉಳಿದದ್ದೂ ನಿಂತಿತು. ಹೊಸ್ತಿಲ ಮೇಲೆ ಕೂತರೆ ಬಿಸಿಲೇ ಅವಳನ್ನು ದಾಟಿಕೊಂಡು ಹೋಗುತ್ತಿತ್ತು.

ಸೊಲ್ಲಾಪುರದ ಮನೋರೋಗದ ಡಾಕ್ಟರ್ ಯೋಗಿರಾಜ ಎಂಟು ತಿಂಗಳಲ್ಲಿ ಎರಡು ಗುಳಿಗೆ ಬಿಡಿಸಿದರು, ಮೂರನೆಯದನ್ನು ಅರ್ಧಕ್ಕೆ ಇಳಿಸಿದರು. "ಕಿರುಚಾಟ ಮತ್ತ ಸುರು ಆದ್ರ ಹೇಳ್ರಿ, ಏರಿಸಬೇಕಾಗ್ತದ" ಎಂದಿದ್ದರು.

ಹಣಮವ್ವನಿಗೆ ಅದೇ ಭಯ. ಯಾಕೆಂದರೆ ಹೋದ ವಾರ ಕಾಜಲ ಮೂರು ದಿನ ಕಿರುಚಿದ್ದಳು. ತಾಯಿ ಸತ್ತ ಮರಿಯನ್ನು ಮರಿ ಸತ್ತ ಕುರಿಗೆ ಕೂಡಿಸಿದ್ದರು. ತನ್ನ ವಾಸನೆ ಹಿಡಿದು ಒಪ್ಪಿಕೊಳ್ಳಲೆಂದು ಆ ಕುರಿಯ ಹಾಲನ್ನೇ ಮರಿಯ ಬೆನ್ನಿಗೆ ಸವರಿದರೂ ಕುರಿ ಮರಿಯನ್ನು ಒದೆಯುತ್ತಿತ್ತು. ಕಾಜಲ ಕುರಿಯ ಕಾಲು ಹಿಡಿದು, ಓಣಿಗೆಲ್ಲ ಕೇಳುವಂತೆ ಬೈದಿದ್ದಳು.

ತಪಾಸಣೆಯ ದಿನ ಎಸ್‌ಟಿ ಬಸ್ಸಿನಲ್ಲಿ ಹಣಮವ್ವ ತಾಕೀತು ಮಾಡಿದಳು: "ನೀ ಬಾಯಿ ಬಿಡಬ್ಯಾಡ. ನಾ ಹೇಳ್ತೀನಿ."

ಡಾಕ್ಟರ ಮುಂದೆ ಕೂತು ಅವಳೇ ಶುರು ಮಾಡಿದಳು. ಹಣಮವ್ವನಿಗೆ ಗೊತ್ತಿದ್ದ ಹೊಗಳಿಕೆ ಒಂದೇ, ಸಂತೆಯಲ್ಲಿ ಕುರಿ ಮಾರುವಾಗಿನದು.

"ಭಾಳ ಗರೀಬ, ಸಾಧು ಐತ್ರಿ ಸಾಹೇಬ್ರ. ಹಾಯಂಗಿಲ್ಲ, ಒದಿಯಂಗಿಲ್ಲ. ನಿಲ್ಲಿಸಿದಲ್ಲೇ ನಿಲ್ತದ."

"ಮಾತಾಡ್ತಾಳ?"

"ದನಿನೇ ಇಲ್ರಿ."

"ನಗ್ತಾಳ?"

"ಛೇ, ಛೇ!"

ಯೋಗಿರಾಜರ ಹುಬ್ಬು ಗಂಟಿಕ್ಕಿತು. "ಅರ್ಧಕ್ಕ ಇಳಿಸಿದ್ರೂ ಇಷ್ಟು ಮಂಕು ಅಂದ್ರ ಬ್ಯಾರೇ ಏನೋ ಐತಿ. ಇನ್ನೊಂದು ಗುಳಿಗಿ ಸುರು ಮಾಡಬೇಕಾಗ್ತದೇನೋ." ಪೆನ್ನು ಎತ್ತಿಕೊಂಡರು.

ಹಣಮವ್ವ ಆ ಪೆನ್ನಿನ ಕಡೆ ಕೈ ಚಾಚಿದಳು.

"ಆಯಿ ಸುಳ್ಳು ಹೇಳಾಕತ್ತಾಳ್ರಿ" ಎಂದಳು ಕಾಜಲ. "ಮೂರು ದಿನ ಒದರೀನಿ. ಕುರಿಗಿ. ಮರಿಗಿ ಹಾಲು ಕೊಡವಲ್ದಾಗಿತ್ತು."

"ಆಮ್ಯಾಲ?"

"ನಾಕನೇ ದಿನ ಕೊಡ್ತು. ಒದರೂದು ಬಿಟ್ನಿ."

ಡಾಕ್ಟರು ಹಣಮವ್ವನ ಕಡೆ ತಿರುಗಿದರು. "ನೀವು ಒದರೂದಿಲ್ಲೇನು?"

"ದಿನಾ ಒದರ್ತೀನ್ರಿ. ಇಪ್ಪತ್ತು ಕುರಿ ಅದಾವ."

"ನಿಮಗ ಯಾರರೆ ಗುಳಿಗಿ ಕೊಟ್ಟಾರ?"

ಹಣಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಯೋಗಿರಾಜ ಹುಡುಗಿಯನ್ನು ನಿದ್ದೆ, ಊಟ, ಸಾಲಿ ಎಂದು ಅರ್ಧ ತಾಸು ಕೇಳಿದರು. ಕಾಜಲ ಎಲ್ಲಕ್ಕೂ ಉತ್ತರ ಕೊಟ್ಟಳು. ಕೊನೆಗೆ ಅವರು ಅರ್ಧವನ್ನು ಕಾಲು ಎಂದು ಬರೆದರು. ತಿಂಗಳು ಬಿಟ್ಟು ಬರಲು ಹೇಳಿದರು.

ಬಸ್ ಸ್ಟ್ಯಾಂಡಿನಲ್ಲಿ ಹಣಮವ್ವ ರೇಗಿದಳು. "ಸಾಹೇಬ್ರ ಮುಂದ ನನ್ನ ಸುಳ್ಳಿ ಮಾಡಿದಿ!"

"ನೀ ನನ್ನ ಸಂತ್ಯಾಗ ನಿಲ್ಲಿಸಿದ್ದಿ."

ಅಕ್ಕಲಕೋಟದ ಬಸ್ಸು ಬಂತು.

"ಗಿರಾಕಿ ಸಿಗಲಿಲ್ಲ," ಎಂದಳು ಹಣಮವ್ವ. "ಏರು, ಮನಿಗಿ ಹೋಗೂಣು."